ಕೆಂಪು ದಾರ

ಇಪ್ಪತ್ತು ಮೂವತ್ತರ ಸೈಟು. ಮನೆ ಕಟ್ಟಿ ಮಿಕ್ಕಿದ್ದು
ಕಾಂಪೌಂಡಿಗೂ ಗೋಡೆಗೂ ನಡುವೆ ನಾಲ್ಕಡಿ ಓಣಿ,
ಸಿಮೆಂಟಿನ ಹೆಂಟೆ, ಒಡೆದ ಟೈಲ್ಸು, ಒಂದಿಷ್ಟು ಮಣ್ಣು.
ಮೈಸೂರಿನ ಹೆಬ್ಬಾಳದ ಕೊನೇ ಅಡ್ಡರಸ್ತೆಯಲ್ಲಿ
ಐದು ಹೊಟ್ಟೆಗೆ ಅಷ್ಟು ನೆಲ.

ಪಾತ್ರೆ ಗಲಬರಿಸಿದ ನೀರು ಬಾಳೆಗೆ, ಅಕ್ಕಿ ತೊಳೆದದ್ದು ಬಸಳೆಗೆ,
ನಲ್ಲಿ ಬರುವ ದಿನ ಮಾತ್ರ ಹೀರೆಬಳ್ಳಿಗೆ ಒಳ್ಳೆ ನೀರು.
ಸೀಳಿದ ಡ್ರಮ್ಮಿನಲ್ಲಿ ಈರನಗೆರೆ ಬದನೆ,
ಮೆಟ್ಟಿಲ ಕೆಳಗೆ ಕೆಸುವಿನ ಗಡ್ಡೆ.
ಹೊಟ್ಟೆ ತುಂಬುತ್ತದೆಂದು ಸುಳ್ಳು ಹೇಳಲಾರೆ:
ಅಕ್ಕಿ ಸೊಸೈಟಿಯದು, ಎಣ್ಣೆ ಅಂಗಡಿಯದು,
ಈರುಳ್ಳಿ ಎಂದಿನಂತೆ ಸಾಲದ್ದು.
ಆದರೆ ತಿಂಗಳ ಕೊನೇ ವಾರ
ಡಬ್ಬಿಗಳೆಲ್ಲ ತಳ ತೋರಿಸುವಾಗ
ಈ ಓಣಿ ಏನೂ ಕೇಳದೆ ಕೊಡುತ್ತದೆ.

ಮೊದಲ ಹೀರೆ ಬೀಜಕ್ಕೆ, ಅನ್ನುತ್ತಾರೆ ಅತ್ತೆ ನಿಂಗಾಜಮ್ಮ.
ಗಾರ್ಮೆಂಟ್ಸಿನಿಂದ ಬರುವಾಗ ಸೆರಗಿಗಂಟಿದ್ದ
ಕೆಂಪು ದಾರವನ್ನು ತೊಟ್ಟಿಗೆ ಸುತ್ತಿ
"ಇದ ಯಾರೂ ಮುಟ್ಟಂಗಿಲ್ಲ" ಅಂದೆ.
"ಸಿಗ್ನಲ್ಲು" ಅಂದ ಕುಶಾಲ. "ಕೆಂಪಂದ್ರೆ ನಿಲ್ಲು."

ಆರ್ಡರು ಜಾಸ್ತಿಯಾದ ವಾರ ನನಗೆ ಓಟಿ,
ಬೆಳಗಿನ ಅಡುಗೆ ಗಂಡನದು.
ಮಧ್ಯಾಹ್ನ ಡಬ್ಬಿ ತೆರೆದರೆ ಹೀರೆಕಾಯಿ ಪಲ್ಯ,
ಎಳೆಯದು, ಬಾಯಲ್ಲಿ ಬೆಣ್ಣೆ.
ಮೂರನೇ ತುತ್ತಿಗೆ ನಾಲಗೆಗೆ ಸುತ್ತಿಕೊಂಡಿತು ಏನೋ.
ಕೂದಲೆಂದು ಎಳೆದೆ. ಕೆಂಪಗಿತ್ತು.
"ನಮ್ ಲೈನಿಂದೇ ಅಲ್ವಾ ಇದು?" ಪಕ್ಕದ ಮಿಷನ್ನಿನ ಶಿವನಂಜಿ.
ಮಿಕ್ಕಿದ್ದನ್ನೂ ತಿಂದು ಮುಗಿಸಿದೆ.
ರುಚಿಗೇನು ಗೊತ್ತು, ವಂಶದ ಸಂಕಟ?

"ಕತ್ಲು ಕಣೆ, ಕರೆಂಟಿರ್ನಿಲ್ಲ" ಅಂದ ಇವನು.
ಅತ್ತೆ ಗೋಡೆ ಕಡೆ ಮುಖ ಮಾಡಿ ಕೂತಿದ್ದರು.
"ನನ್ ಹಲ್ಗೂ ಬಂತು" ಅಂದರು, ಕದ್ದವರ ಹಾಗೆ.

ಗೋಡೆಯಾಚೆ ಒಂದು ಇಳಿಬಿದ್ದಿತ್ತಲ್ಲ, ಕೂಗಿದೆ.
"ಮೊನ್ನೆನೇ ಬಜ್ಜಿ ಆಯ್ತಲ್ಲಕ್ಕ" ಅಂದಳು ಸಫೂರಾ,
"ನಿಮ್ಗೂ ಕೊಟ್ಟಿದ್ನಲ್ಲ, ಚೆನ್ನಾಗದೆ ಅಂದ್ರಿ."

ಟಾರ್ಚು ಹಿಡಿದು ಬಳ್ಳಿ ಪೂರ್ತಿ ತಡಕಿದೆ.
ಸಂಪಿನ ಮುಚ್ಚಳದ ಹಿಂದೆ, ನೆಲಕ್ಕಂಟಿಕೊಂಡು,
ಸೊಟ್ಟಗೆ, ಕಿರುಬೆರಳಿನುದ್ದ, ಒಂದು.
ಬಾಡಿದ ಹೂ ಇನ್ನೂ ಮೂಗಿನ ತುದಿಗೆ.

ದಾರವನ್ನು ಸೆರಗಿನ ಗಂಟಲ್ಲಿ ತಂದಿದ್ದೆ.
ಎರಡು ಸಲ ತೊಳೆದರೂ ಇಂಗು ಸಾಸಿವೆಯ ವಾಸನೆ.
ಅದನ್ನೇ ತೊಟ್ಟಿಗೆ ಸುತ್ತಿದೆ,
ಬಿಗಿಯದೆ,
ದಪ್ಪಗಾಗಲು ಒಂದು ಬೆರಳು ಸಡಿಲ ಬಿಟ್ಟು.