ಖಾಲಿ ಹೊಟ್ಟೆಯಲ್ಲಿ ಬನ್ನಿ

ಚೀಟಿಯ ಮರಾಠಿಯನ್ನು ಅವ್ವನಿಗೆ ಓದಿ ಹೇಳಿದವಳು ನಾನೇ:
ನಾಳೆ ಬೆಳಿಗ್ಗೆ ಏಳಕ್ಕೆ, ಖಾಲಿ ಹೊಟ್ಟೆಯಲ್ಲಿ.
ಸ್ಟೋವಿನ ಮುಂದಿನಿಂದ ತಿರುಗಿ
ಆ ಮಾತನ್ನು ನಾನೇ ಹುಟ್ಟಿಸಿದೆನೇನೋ ಎಂಬಂತೆ ನೋಡಿದಳು.
'ಖಾಲಿ ಹೊಟ್ಟೀಲೆ? ಯಾರು? ನಮ್ಮ ಭೀಮರಾಯ?'

ಹನ್ನೊಂದು ವರ್ಷದ ಹಿಂದೆ ಇದೇ ಮಾನಖುರ್ದಿನ ಗಲ್ಲಿಯಲ್ಲಿ
ಅಂಗನವಾಡಿಯ ಬಾಯಿ ಅವನ ತೋಳಿಗೆ ಪಟ್ಟಿ ಸುತ್ತಿದ್ದಳು.
ಕೆಂಪು.
ಒಂದೂವರೆ ವರ್ಷ, ಆರು ಕಿಲೋ,
ಹೆಸರು ಮಾತ್ರ ಭೀಮರಾಯ.
ನಾನೂ ತೋಳು ಚಾಚಿದೆ.
ಐದು ದಾಟಿದವರ ಲೆಕ್ಕ ಇದರಲ್ಲಿಲ್ಲ ಎಂದು ನಕ್ಕು
ಪಟ್ಟಿ ಮಡಿಚಿಟ್ಟಳು.

ಸಾಯನ್ ಆಸ್ಪತ್ರೆಯಲ್ಲಿ ಇಪ್ಪತ್ತೊಂದು ದಿನ.
ಶೇಂಗಾ, ಹಾಲಿನಪುಡಿ, ಎಣ್ಣೆ, ಸಕ್ಕರೆ ಅರೆದ ಪೊಟ್ಟಣಗಳು.
ಅವನು ತಿಂದು ಬಿಟ್ಟ ಪೊಟ್ಟಣವನ್ನು ಕಕ್ಕಸಿನ ಹಿಂದೆ ಹರಿದು
ಒಳಮೈ ನೆಕ್ಕುತ್ತಿದ್ದೆ;
ಇದನ್ನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.
ತೂಕದ ಮುಳ್ಳು ಸರಿದಾಗ ಸಿಸ್ಟರ್ ಚಪ್ಪಾಳೆ ತಟ್ಟಿದಳು.
ಫೈಲು ಮುಚ್ಚಿದರು.

ಮನೆಗೆ ಬಂದ ಮೇಲೆ ದಿಂಬಿನಡಿ ಬಿಸ್ಕೀಟು ಬಚ್ಚಿಡುವುದು ಕಲಿತ.
ಬೆಳಗಾದರೆ ದಿಂಬಿನಿಂದ ಗೋಡೆಯವರೆಗೆ
ಇರುವೆಗಳ ಸಾಲು.
ಅವ್ವ ಬೈಯಲಿಲ್ಲ.
ದಿಂಬು ಕೊಡವಿ, ಬಿಸ್ಕೀಟನ್ನು ಮತ್ತೆ ಅಲ್ಲೇ ಇಡುತ್ತಿದ್ದಳು.

ಈಗ ಹನ್ನೆರಡೂವರೆ.
ಜೋಳದ ದಂಟಿನಂಥ ಕಾಲು,
ಅಂಗಿಯ ಗುಂಡಿಯ ಮಾತು ಕೇಳದ ಹೊಟ್ಟೆ,
ಕತ್ತಿನ ಹಿಂದೆ ಕಪ್ಪು ಪಟ್ಟೆ.
ಮಣ್ಣೆಂದು ಅವ್ವ ಆರು ತಿಂಗಳು ಕಲ್ಲಿನಿಂದ ತಿಕ್ಕಿದಳು, ಹುಡುಗ ಅತ್ತ.
ಇದು ತೊಳೆದರೆ ಹೋಗುವುದಲ್ಲ ಎಂದರು ಡಾಕ್ಟರಮ್ಮ.
ಆಗ ತೋಳು ಅಳೆದ ಆಸ್ಪತ್ರೆ
ಈಗ ಸೊಂಟದ ಸುತ್ತ ಟೇಪು ಹಿಡಿಯಿತು.

'ಸಕ್ರಿ ಬ್ಯಾನಿ ಸಾವಕಾರ್ರಿಗೆ ಬರೂದು.
ನಮ್ಮನಿ ಡಬ್ಬ್ಯಾಗ ಇಲ್ಲದ ಸಕ್ರಿ
ಇವನ ರಕ್ತದಾಗ ಎಲ್ಲಿಂದ ಬಂತು?'
ಇನ್ನೂ ಬಂದಿಲ್ಲಮ್ಮಾ, ಅಂಚಿನಲ್ಲಿದ್ದಾನೆ, ಎಲ್ಲ ಮಕ್ಕಳಿಗೂ ಹೀಗಾಗುವುದಿಲ್ಲ,
ಎಂದು ಆಕೆ ನಿಧಾನದ ಹಿಂದಿಯಲ್ಲಿ ತಿಳಿಸಿದರು:
ಹಸಿವಿನಲ್ಲಿ ಬೆಳೆದ ಮೈಗೆ ನಾಳೆಯ ಮೇಲೆ ನಂಬಿಕೆ ಇರುವುದಿಲ್ಲ,
ಸಿಕ್ಕಿದ್ದನ್ನು ಹೊಟ್ಟೆಯ ಸುತ್ತ ಕೂಡಿಡುತ್ತದೆ,
ಊಟ ಬಂದ ಮೇಲೂ.
ಅವ್ವನಿಗೆ ಅರ್ಥವಾಯಿತೋ ಇಲ್ಲವೋ.
ನನಗೆ ಇರುವೆಗಳು ಕಂಡವು.

ಮೊದಲ ದಿನ ಪರೀಕ್ಷೆ ಕೆಟ್ಟಿತು.
ನಸುಕಿನಲ್ಲಿ ಅವ್ವ ಎರಡು ಬಿಸ್ಕೀಟು ತಿನ್ನಿಸಿದ್ದಳು;
ಸೂಜಿ ಕಂಡ ಭೀಮ ಎಲ್ಲ ಒಪ್ಪಿಕೊಂಡ.
ಎರಡನೆಯ ರಾತ್ರಿ ಅವಳು ಡಬ್ಬಿ ಮಡಿಲಲ್ಲಿಟ್ಟುಕೊಂಡು
ಗೋಡೆಗೊರಗಿ ಕೂತಳು.
ಯಾರಿಂದ ಯಾರನ್ನು ಕಾಯುತ್ತಿದ್ದಳೋ.
ಪಕ್ಕದ ಮನೆಯ ನಲ್ಲಿಗೆ ನೀರು ಬಂದಾಗಲೂ ಎದ್ದಿರಲಿಲ್ಲ.

ರಕ್ತ ತೆಗೆದರು, ಗ್ಲೂಕೋಸಿನ ನೀರು ಕುಡಿಸಿದರು,
ಇನ್ನೆರಡು ತಾಸು ಕೂಡಿರಿ ಎಂದರು.
ಅವ್ವ ಆ ಬೆಂಚಿನ ಮೇಲೆ ಮೊದಲ ಸಲ ನಕ್ಕಳು:
'ಸಕ್ರಿ ಐತೇನು ನೋಡಾಕ
ಸಕ್ರೀನೇ ಕುಡಸ್ತಾರಲ್ಲೇ!'

ಎರಡನೆಯ ಸೂಜಿಯೂ ಆದ ಮೇಲೆ ಬುತ್ತಿ ಬಿಚ್ಚಿದಳು.
ರೊಟ್ಟಿ, ಹೆಸರುಕಾಳಿನ ಪಲ್ಯ, ಒಂದು ಹಸಿ ಉಳ್ಳಾಗಡ್ಡಿ.
ಅವನು ಒಂದೂವರೆ ತಿಂದ.
ಉಳಿದರ್ಧವನ್ನು, ಕೈ ತಾನೇ ತಾನಾಗಿ,
ಚೊಣ್ಣದ ಕಿಸೆಗೆ ಮಡಚಿತು.
ಅವ್ವ ನೋಡಿದಳು.
ತೆಗೆಯಲೂ ಇಲ್ಲ, ಇರಲಿ ಎನ್ನಲೂ ಇಲ್ಲ.

ಕಿಟಕಿಯ ಪಕ್ಕ ನಿಂತಿದ್ದ ನನ್ನನ್ನು ಕಂಡು
ರಕ್ತ ತೆಗೆಯುವವನು ಕೈ ಚಾಚಿದ:
ನಿನ್ನ ಚೀಟಿ?
ಇಲ್ಲ ಎಂದೆ.
ಬೆಳಗಿನಿಂದ ನನ್ನ ಹೊಟ್ಟೆಯೂ
ಖಾಲಿಯೇ ಇತ್ತು.