ಗಾಳಿ ಹಿಡಿದ ಪಂಪು

ಸಂಜಿ ಏಳಕ್ಕ ಸುರು.
ಮುಧೋಳದ ಬಸ್ಸು ಬಂದು ನಿಂತ ಹೊತ್ತಿಗೆ
ಮೊದಲ ಒಂದು ಸಣ್ಣ ಮುಲುಕು,
ಆಮ್ಯಾಲ ಮುಷ್ಟಿ ಬಿಗಿ, ಮಾರಿ ಕೆಂಪು,
ಎರಡೂ ಮೊಣಕಾಲು ಹೊಟ್ಟಿಗೆ ಹತ್ತಿ
ಇಡೀ ಓಣಿಗೆ ಕೇಳೂ ಹಂಗ.
ಇಪ್ಪತ್ತೊಂದು ದಿನದ ಕೂಸಿಗೆ
ಇಷ್ಟು ದನಿ ಎಲ್ಲಿಂದ ಬಂತು?

ನಾ ಮೋಟರ್ ಬಿಚ್ಚಾಂವ.
ಮಹಾಲಿಂಗಪುರದ ಬೆಲ್ಲದ ಪ್ಯಾಟಿ ಹಿಂದ ಅಂಗಡಿ,
ತಾಮ್ರದ ತಂತಿ, ವಾರ್ನಿಷ್ ವಾಸನಿ.
ಘಟಪ್ರಭಾ ದಂಡಿಯ ಯಾವ ಪಂಪು ಯಾಕ ಒದರತೈತಿ
ಬದುವಿನ ಮ್ಯಾಲ ನಿಂತ ಹೇಳತೀನಿ:
ಇದು ಬೇರಿಂಗ್, ಇದು ಬುಶ್,
ಇದಕ್ಕ ಫೇಸ್ ಒಂದು ಹೋಗೇತಿ ಅಂತ.
ಮಗಳ ಮುಂದ ಮಾತ್ರ
ಪಾನಾ ಹಿಡದು ಸುಮ್ಮನ ನಿಂತ ಹೊಸ ಹುಡುಗ.

ಅತ್ತಿ ಅಂದಳು, ದೃಷ್ಟಿ.
ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲಿಗೆ ಒಗದಳು.
ನಾವೆಲ್ಲಾ ಕೆಮ್ಮಿದಿವಿ, ಕೂಸು ಇನ್ನಷ್ಟು ಒದರಿತು.
ಮಗ್ಗಲಮನಿ ನಿಂಬೆವ್ವ ಅಂದಳು,
ಬಾಟಲಿ ಹಾಲು, ಮತ್ತೇನಾಗತೈತಿ.
ಅಷ್ಟ ಅಂದಳು.
ಕಸ್ತೂರಿ ಒಳಗ ಹೋಗಿ
ಎದಿಗೆ ಕಟ್ಟಿದ ಹಳೇ ಸೀರಿ ಅರಿವಿ
ಇನ್ನೊಂದು ಸುತ್ತು ಬಿಗದಳು.
ಅಕಿ ನುಂಗೂ ಗುಳಿಗಿ ಹಾಲಿಗಿಳೀತಾವ,
ಎದಿಗೆ ಹಚ್ಚಬ್ಯಾಡ್ರಿ ಅಂದಾರ ದೊಡ್ಡ ದವಾಖಾನಿಯೊಳಗ.
ಅದನ್ನ ಓಣಿಗೆಲ್ಲಾ ಹೇಳ್ಕೋತ ಹೋಗೂದೇನ?

ಹುಸೇನಬಿ ಸಿಸ್ಟರ್ ಬಂದಳು.
ಮೈ ಮುಟ್ಟಿದಳು, ಜ್ವರ ಇಲ್ಲ.
ತೂಗಿದಳು, ತೂಕ ಏರೇತಿ.
ಹಸರು ವಾಂತಿ ಇಲ್ಲ, ಲಂಗೋಟಿಯೊಳಗ ರಕ್ತ ಇಲ್ಲ.
ಹಂಗೇನರ ಕಂಡರ ರಾತ್ರಿ ಎರಡಾಗಿರಲಿ, ಎತಗೊಂಡು ಬಾ, ಅಂದಳು.
ಈಗ ನೀ ಹಾಲು ಹ್ಯಾಂಗ ಕುಡಸ್ತಿ ತೋರ್ಸು.
ತೋರಿಸಿದೆ. ನಕ್ಕಳು.
ಅಣ್ಣಾ, ನಿನ್ನ ಪಂಪು ಗಾಳಿ ಎಳಿಯಾಕತ್ತೇತಲ್ಲೋ!

ಹೌದಲ್ಲ.
ಬಾಟಲಿ ಅಡ್ಡ, ನಿಪ್ಪಲ್ ಅರ್ಧ ಖಾಲಿ,
ಒಂದು ಗುಟುಕು ಹಾಲು, ಒಂದು ಗುಟುಕು ಗಾಳಿ.
ಹೊಳಿ ಇಳದು ಫುಟ್‌ವಾಲ್ವ್ ಬಯಲಿಗೆ ಬಿದ್ದಾಗ
ಪಂಪು ಬಡಕೋತೈತಲ್ಲ, ಹಂಗ.
ಇಪ್ಪತ್ತು ವರ್ಷದ ಕಸಬು,
ಅಂಗೈಯಾಗ ಇತ್ತು, ಕಾಣಲಿಲ್ಲ.

ಈಗ ಪುಡಿ ಕಲಸಿದ ಮ್ಯಾಲ ಬುರುಗು ಆರೂತನಕ ಕಾಯ್ತೀನಿ.
ಅಳತಿ ಡಬ್ಬಿ ಮ್ಯಾಲ ಬರದಷ್ಟ.
ತಲಿ ಎತ್ತರ ಹಿಡದು
ನಿಪ್ಪಲ್ ತುಂಬ ಹಾಲಿರೂ ಹಂಗ ಬಾಟಲಿ ಬಗ್ಗಸ್ತೀನಿ.
ಸಣ್ಣ ತೂತಿಂದ ತಂದೀನಿ, ಗಟಗಟ ಇಲ್ಲ.
ನಡುವ ನಿಲ್ಲಿಸಿ ಹೆಗಲಿಗೆ ಹಾಕ್ಕೊಂಡು ಬೆನ್ನು ಸವರತೀನಿ.
ತೇಗು ಬಂತೋ,
ಆರುನೂರು ಫೂಟಿನ ಪೈಪಿನ ತುದಿಗೆ
ಮೊದಲ ನೀರು ಬಂದಷ್ಟು ಹಿಗ್ಗು.

ಖರೇ ಹೇಳ್ತೀನಿ, ಆದರೂ ಅತ್ತಳು.
ಮೂರು ತಾಸಿಂದು ಎರಡಾತು.
ಗುರುವಾರ ಮತ್ತ ಮೂರಾತು.
ಎಲ್ಲಾ ಗಾಳಿ ಅಲ್ಲಣ್ಣಾ, ಅಂದಳು ಹುಸೇನಬಿ,
ಕೆಲವು ಕೂಸು ಹಿಂಗ. ಯಾಕಂತ ಡಾಕ್ಟರಿಗೂ ಪೂರಾ ತಿಳಿದಿಲ್ಲ.
ಮೂರು ನಾಕು ತಿಂಗಳಿಗೆ ತಾನ ಇಳೀತೈತಿ.
ಬಿಚ್ಚಿ ನೋಡಲಾಗದ್ದು ಒಂದೈತಿ ಅಂತ
ನಲವತ್ತಕ್ಕ ಕಲಿತೆ.

ಆ ಗುರುವಾರ ನನ್ನ ಕೈ ನಡಗಿದವು.
ಕೂಸಿನ್ನ ಮೆತ್ತಗ ತೊಟ್ಟಿಲಿಗಿಟ್ಟು
ಹೊರಗ ಕಟ್ಟಿ ಮ್ಯಾಲ ಕುಂತೆ.
ಒಳಗ ಅಳು, ಒದರಾಟ,
ಆಮ್ಯಾಲ
ಏನೂ ಇಲ್ಲ.

ಅಂಜಿ ಎದ್ದು ನೋಡಿದೆ.
ಕಸ್ತೂರಿ ಬಾಟಲಿ ಕುದಸೂ ಒಲಿ ಮುಂದ ಅಡ್ಡಾಡತಾಳ,
ಮುಂಗೈ ಉದ್ದಕ್ಕ ಬೋರಲ ಹಾಕಿದ ಕೂಸು,
ಆ ಕಡಿ ಈ ಕಡಿ ಜೋತ ನಾಕು ಕೈಕಾಲು,
ಕೆನ್ನಿ ಅಕಿ ಮೊಣಕೈ ಸಂದಿಯೊಳಗ.
ಹೊಟ್ಟಿಗೆ ಕೈಯ ಕಾವು ಹತ್ತಿತೋ,
ಅವ್ವನ ಬೆವರಿನ ವಾಸನಿ ಸಿಕ್ಕಿತೋ,
ದಣದು ಬಿಟ್ಟಳೋ.
ಪಾತೇಲಿಯೊಳಗ ಬಾಟಲಿ ಕಟಕಟ ಅಂತಿದ್ದವು.

ಗ್ವಾಡಿ ಆಚಿಂದ ನಿಂಬೆವ್ವ:
ಕೂಸು ಸುಮ್ಮನಾತೇನವ್ವ?

ಇನ್ನ ಎಂಟೂವರಿ, ಅಂದಳು ಕಸ್ತೂರಿ ಸಣ್ಣ ದನಿಲೆ,
ಹತ್ತರ ತನಕ ನೋಡೂಣು.
ಮೂರು ವಾರದಾಗ ಮೊದಲ ಸಲ
ಹಲ್ಲು ಕಾಣೂ ಹಂಗ ನಕ್ಕಳು.