ಹೊಲಿದ ಜೇಬು

ಗ್ರಿಮ್ಸ್‌ಬಿಯ ಫ್ರೀಮನ್ ಸ್ಟ್ರೀಟಿನಲ್ಲಿ ನನ್ನ ಅಂಗಡಿ.
ಎಡಕ್ಕೆ ಕುದುರೆಬಾಜಿಯವನು, ಬಲಕ್ಕೆ ಬಾಗಿಲು ಮುಚ್ಚಿದ ಬೇಕರಿ.
ಜಿಪ್ಪು ಕೂರಿಸುತ್ತೇನೆ, ಸೊಂಟ ಸಡಿಲಿಸುತ್ತೇನೆ,
ಸತ್ತವರ ಕೋಟನ್ನು ಇದ್ದವರ ಅಳತೆಗೆ ತರುತ್ತೇನೆ.

ತಪ್ಪು ನನ್ನದೇ.
ನಾನೂರ ಹದಿನೇಳು, ನಾನೂರ ಎಪ್ಪತ್ತೊಂದು.
ನವೆಂಬರು, ನಾಲ್ಕಕ್ಕೇ ಕತ್ತಲು,
ಕನ್ನಡಕ ಎಲ್ಲೋ ಬಟ್ಟೆಯ ರಾಶಿಯಡಿ.
ಎರಡೂ ಕೋಟು ಬೂದಿಬಣ್ಣ, ಎರಡರ ಎದೆಯೂ ನಲವತ್ತೆರಡು.
ಒಂದು ಲಂಡನ್ನಿನಲ್ಲಿ ಅಳತೆ ಕೊಟ್ಟು ಹೊಲಿಸಿದ್ದು,
ಇನ್ನೊಂದು ಚರ್ಚಿನ ಹಳೆಬಟ್ಟೆ ಮಾರಾಟದಲ್ಲಿ ಆರು ಪೌಂಡಿಗೆ ಸಿಕ್ಕಿದ್ದು.
ಮುಟ್ಟಿದ್ದರೆ ಕೈಗೆ ಗೊತ್ತಾಗುತ್ತಿತ್ತು.
ಮುಟ್ಟಲಿಲ್ಲ. ಚೀಟಿ ಓದಿದೆ.

ಹೀಗೆ, ಮೀನುಕಟ್ಟೆಯ ಹಮಾಲಿ ವಾಲ್ಟ್ ಬ್ರಾಕಲ್ಸ್‌ಬಿ
ಸ್ಕಿಪ್‌ವರ್ತ್ ಸಾಹೇಬರ ಕೋಟು ತೊಟ್ಟು ಬಸ್ಸು ಹತ್ತಿದ.
ಮೂರು ಶೈತ್ಯಾಗಾರಗಳ ಒಡೆಯ ಸ್ಕಿಪ್‌ವರ್ತ್
ವಾಲ್ಟನದರೊಳಗೆ ತೋಳು ತೂರಿಸಿದರು.
ತಮ್ಮ ಕೋಟನ್ನು ಅವರು ಎಂದೂ ನೋಡಿದವರಲ್ಲ,
ಯಾರೋ ಹಿಡಿಯುತ್ತಿದ್ದರು, ಇವರು ಕೈ ಚಾಚುತ್ತಿದ್ದರು, ಅಷ್ಟೆ.

ಹಳೆಯ ಕಥೆಪುಸ್ತಕಗಳಲ್ಲಿ ಇಂಥದು ಆಗಬೇಕಾದರೆ
ಇಬ್ಬರ ಮುಖವೂ ಒಂದೇ ಅಚ್ಚಿನಲ್ಲಿ ಎರೆದಂತಿರಬೇಕು.
ವಾಲ್ಟನದು ಉಪ್ಪುಗಾಳಿ ತಿಂದ ಕೆಂಪು ಮೋರೆ, ಮುರಿದ ಮೂಗು.
ಸಾಹೇಬರದು ಬೇಯಿಸಿದ ಮೊಟ್ಟೆ.
ಹೋಲಿಕೆ ಬೇಕಾಗಲೇ ಇಲ್ಲ.
ಮುಖ ನೋಡುವ ಪುರುಸೊತ್ತು ಊರಲ್ಲಿ ಯಾರಿಗಿತ್ತು?

ಬ್ಯಾಂಕಿನ ಹುಡುಗಿ ಎದ್ದು ನಿಂತು
ವಾಲ್ಟನಿಗೆ ಕುರ್ಚಿ ಕೊಟ್ಟಳಂತೆ, ಬಿಸ್ಕತ್ತು ಸಮೇತ ಚಹಾ.
ಅವನು ಬಂದಿದ್ದು ಖಾತೆ ಮುಚ್ಚಲು.
ಸಾಹೇಬರು ತಮ್ಮದೇ ಗೋದಾಮಿನ ಮುಂದೆ
ಕಾರಿಗಾಗಿ ಬೆಂಚಿನ ಮೇಲೆ ಕೂತರೆ
ಹೊಸ ಕಾವಲುಗಾರ ಟಾರ್ಚು ಹಾಯಿಸಿ
'ಏಳಜ್ಜ, ಇಲ್ಲಿ ಮಲಗುವಂತಿಲ್ಲ' ಅಂದನಂತೆ.
ಸಾಹೇಬರು ಎದ್ದರಂತೆ!
ಯಾಕೆ ಎದ್ದೆನೋ ತಿಳಿಯದು ಎಂದು
ಆಮೇಲೆ ನನ್ನ ಮುಂದೆ ಎರಡು ಸಲ ಹೇಳಿದರು.

ಮೂರನೆಯ ದಿನ ಇಬ್ಬರೂ ಬಂದರು, ಬೇರೆ ಬೇರೆ ಹೊತ್ತಿಗೆ.

ವಾಲ್ಟ್ ಬಂದವನೇ ಬೈದ:
'ಎಂಥ ಕೋಟಮ್ಮ ಇದು! ಬೆಳಗಿನ ನಾಲ್ಕಕ್ಕೆ ಹರಾಜುಕಟ್ಟೆಯಲ್ಲಿ
ಐಸಿನ ಪೆಟ್ಟಿಗೆ ಇಳಿಸಿ ಕೈ ಜೋಮು ಹಿಡಿದಿದೆ,
ಜೇಬಿಗೆ ಕೈ ಹಾಕಿದರೆ ಜೇಬೇ ಇಲ್ಲ, ಬಾಯಿ ಹೊಲಿದುಬಿಟ್ಟಿದ್ದಾರೆ!'
ದುಬಾರಿ ದರ್ಜಿ ಜೇಬಿನ ಬಾಯಿಗೆ ಎಳೆ ಹಾಕಿಯೇ ಕಳಿಸುತ್ತಾನೆ.
ಹನ್ನೊಂದು ಚಳಿಗಾಲ ಆ ಎಳೆ ಹಾಗೇ ಇತ್ತು.
ವಾಲ್ಟ್ ಮೀನಿನ ಚೂರಿಯಿಂದ ಕೊಯ್ದಿದ್ದ.

ಸಾಹೇಬರು ಮೇಜಿನ ಮೇಲೆ ಚಿಲ್ಲರೆ ಸುರಿದರು.
'ಜೇಬಿಗೆ ತೂತು, ನನ್ನ ಬೀಗದ ಕೈ ಒಳಗೆ ಬಿತ್ತು.
ತೆಗೆಯಲು ಹೋದರೆ ಅಸ್ತರಿನ ಅಂಚಿನಲ್ಲಿ ಇದು.'
ಎಣಿಸಿದೆವು: ನಾಲ್ಕು ಪೌಂಡು ಮೂವತ್ತೆಂಟು ಪೆನ್ಸು,
ಒಂದು ಮಗುವಿನ ಹಲ್ಲು.

ವಾಲ್ಟನಿಗೆ ಎಲ್ಲ ಹಿಂತಿರುಗಿಸಿದೆ,
ತೂತು ಹೊಲಿದುಕೊಡಲೇ, ಪುಕ್ಕಟೆ, ಎಂದೆ.
'ಬೇಡಮ್ಮ,' ಅಂದ, ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು,
'ಖರ್ಚಾಗದೆ ಉಳಿಯೋದು ಅಲ್ಲಿ ಬಿದ್ದದ್ದು ಮಾತ್ರ.'

ಸಾಹೇಬರ ಕೋಟಿನ ವಾಸನೆ ಮೂರು ಒಗೆತಕ್ಕೂ ಹೋಗಲಿಲ್ಲ.
ಎಳೆ ಮತ್ತೆ ಹಾಕಲೇ ಎಂದು ಸೂಜಿ ಹಿಡಿದು ಕೇಳಿದೆ.
ಅವರು ಉತ್ತರಿಸದೆ ಕೈ ಒಳಗಿಟ್ಟರು,
ಮಣಿಕಟ್ಟಿನವರೆಗೆ, ಗುಬ್ಬಿಗೂಡಿಗೆ ಕೈ ಹಾಕಿದ ಹುಡುಗನ ಹಾಗೆ.
ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು.
ಕೈ ಹೊರಗೆ ಬಂದಾಗ ತೋರುಬೆರಳ ತುದಿಗೆ
ಒಂದು ಹ್ಯಾಡಕ್ ಮೀನಿನ ಹುರುಪೆ ಅಂಟಿತ್ತು,
ಟ್ಯೂಬ್‌ಲೈಟಿನಲ್ಲಿ ಹೊಳೆಯಿತು.

ಒರೆಸಿಕೊಳ್ಳಲು ನಾನು ಬಟ್ಟೆಚೂರು ಚಾಚಿದೆ.
ಅವರು ತೆಗೆದುಕೊಳ್ಳಲಿಲ್ಲ.